ಟಿವಿಯ ಹಿಂದಿನ ಚೌಕದ ತೂತು: ಮನೆಗೆ ಬಂದ ನೆಟ್‌ವರ್ಕ್ ವಯರಿನ ಕಥೆ



ನಿಮ್ಮ ಮನೆಯ ಸ್ಮಾರ್ಟ್ ಟಿವಿಯ ಹಿಂಭಾಗವನ್ನು ಒಮ್ಮೆ ನೋಡಿ. ಎಚ್‌ಡಿಎಂಐ, ಯುಎಸ್‌ಬಿ ತೂತುಗಳ ಹತ್ತಿರದಲ್ಲೇ 'ಲ್ಯಾನ್' ಎಂದು ಬರೆದ ಒಂದು ಚೌಕದ ತೂತು ಹೆಚ್ಚಿನ ಟಿವಿಗಳಲ್ಲಿ ಇರುತ್ತದೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಡೆಸ್ಕ್‌ಟಾಪ್ ಕಂಪ್ಯೂಟರ್, ಇಂಟರ್ನೆಟ್ ಕೊಟ್ಟವರು ಗೋಡೆಗೆ ಹೊಡೆದು ಹೋದ ರೌಟರ್ ಡಬ್ಬ, ಎಲ್ಲದರಲ್ಲೂ ಅದೇ ತೂತು. ಎಷ್ಟೋ ಮನೆಗಳಲ್ಲಿ ಟಿವಿ ತಂದ ದಿನದಿಂದ ಅದರೊಳಗೆ ಧೂಳು ಬಿಟ್ಟರೆ ಬೇರೇನೂ ಹೋಗಿಲ್ಲ. ವೈಫೈ ಇರುವಾಗ ಇದು ಯಾಕೆ ಎಂದು ಕೇಳುವವರೇ ಜಾಸ್ತಿ.

ಆದರೆ ಸಂಜೆಯ ಹೊತ್ತಿಗೆ ಮನೆಮನೆಯಲ್ಲಿ ಒಂದೇ ಜಗಳ. ಅಪ್ಪ ಹಾಲ್‌ನಲ್ಲಿ ಸಿನಿಮಾ ಹಾಕಿರುತ್ತಾರೆ, ಅದು ಸುತ್ತುತ್ತಾ ನಿಲ್ಲುತ್ತದೆ. ತಮ್ಮ ಒಳಗಿನ ಕೋಣೆಯಲ್ಲಿ ಗೇಮ್ ಡೌನ್‌ಲೋಡ್‌ಗೆ ಇಟ್ಟಿರುತ್ತಾನೆ. ಅಕ್ಕನ ಆನ್‌ಲೈನ್ ಇಂಟರ್‌ವ್ಯೂ ಅರ್ಧಕ್ಕೆ ಕಟ್ ಆಗುತ್ತದೆ. ಕೊನೆಗೆ ಬೈಗುಳ ಬೀಳುವುದು ಇಂಟರ್ನೆಟ್ ಕಂಪೆನಿಗೆ. ಆದರೆ ಎಷ್ಟೋ ಸಲ ತೊಂದರೆ ಇರುವುದು ಹೊರಗಿನಿಂದ ಬರುವ ಫೈಬರಿನಲ್ಲಿ ಅಲ್ಲ, ನಮ್ಮ ಮನೆಯೊಳಗಿನ ಕೊನೆಯ ಹತ್ತು ಮೀಟರಿನಲ್ಲಿ. ಆ ಹತ್ತು ಮೀಟರಿನ ಕಥೆಗೆ ಐವತ್ತು ವರ್ಷಕ್ಕಿಂತ ಹೆಚ್ಚಿನ ಇತಿಹಾಸ ಇದೆ. ಅದನ್ನು ತಿಳಿದರೆ ಮನೆಯಲ್ಲಿ ವಯರ್ ಎಳೆಯುವ ಕೆಲಸ ಅರ್ಧ ಸುಲಭವಾಗುತ್ತದೆ. ಇವತ್ತಿನ ಲೇಖನ ಅದರ ಬಗ್ಗೆ.

ಹವಾಯಿಯ ದ್ವೀಪಗಳಿಂದ

ವಿಚಿತ್ರವೆಂದರೆ ಈ ವಯರಿನ ಕಥೆ ಶುರುವಾಗುವುದು ವಯರ್ ಇಲ್ಲದ ಜಾಗದಲ್ಲಿ. ಹವಾಯಿ ಎಂದರೆ ಸಮುದ್ರದ ನಡುವೆ ಚದುರಿದ ದ್ವೀಪಗಳು. ಅಲ್ಲಿನ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್ ಇದ್ದದ್ದು ಹೊನೊಲುಲುವಿನಲ್ಲಿ. ಬೇರೆ ದ್ವೀಪಗಳಲ್ಲಿದ್ದವರು ಅದನ್ನು ಬಳಸುವುದು ಹೇಗೆ? ನಾರ್ಮನ್ ಏಬ್ರಾಮ್ಸನ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ರೇಡಿಯೋ ಮೂಲಕ ಕಳಿಸುವ ದಾರಿ ಹಿಡಿದರು. ಅದಕ್ಕೆ 'ಅಲೋಹಾನೆಟ್' ಎಂದು ಹೆಸರು. 1971ರಲ್ಲಿ ಅದು ಕೆಲಸ ಮಾಡತೊಡಗಿತು.

ರೇಡಿಯೋದಲ್ಲಿ ಒಂದು ಕಷ್ಟ ಇದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರದ್ದೂ ಕೇಳಿಸುವುದಿಲ್ಲ. ಏಬ್ರಾಮ್ಸನ್ ತಂಡದ ಪರಿಹಾರ ತುಂಬ ಸರಳ. ಕಳಿಸಬೇಕಾದ್ದನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಮಾಡಿ ಕಳಿಸಿಬಿಡಿ. ತಲುಪಿತು ಎಂಬ ಉತ್ತರ ಬಾರದಿದ್ದರೆ ಯಾರದೋ ಜೊತೆ ಡಿಕ್ಕಿಯಾಗಿದೆ ಎಂದು ತಿಳಿಯಿರಿ. ಸ್ವಲ್ಪ ಹೊತ್ತು ಕಾದು ಮತ್ತೆ ಕಳಿಸಿ. ಎಷ್ಟು ಹೊತ್ತು ಕಾಯಬೇಕು ಎಂಬುದು ಲಾಟರಿಯ ಹಾಗೆ, ಪ್ರತಿಯೊಬ್ಬರಿಗೂ ಬೇರೆ ಬೇರೆ. ಹಾಗಾಗಿ ಡಿಕ್ಕಿ ಹೊಡೆದ ಇಬ್ಬರೇ ಮತ್ತೆ ಡಿಕ್ಕಿ ಹೊಡೆಯುವ ಸಾಧ್ಯತೆ ಕಡಿಮೆ.

ಸರಳವಾದರೂ ಇದಕ್ಕೆ ಬೆಲೆ ಇತ್ತು. ಎಲ್ಲರೂ ಮನಬಂದಾಗ ಕಳಿಸುವ ಈ ಪದ್ಧತಿಯಲ್ಲಿ ಒಟ್ಟು ಸಾಮರ್ಥ್ಯದ ಸುಮಾರು ಶೇ. 18ರಷ್ಟು ಮಾತ್ರ ಉಪಯೋಗಕ್ಕೆ ಸಿಗುತ್ತದೆ ಎಂದು ಲೆಕ್ಕ ಹೇಳುತ್ತದೆ. ಉಳಿದದ್ದೆಲ್ಲ ಡಿಕ್ಕಿಯಲ್ಲಿ, ಕಾಯುವುದರಲ್ಲಿ ಹೋಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ವೈಫೈ ವಿಷಯಕ್ಕೆ ಬರುವಾಗ ಬೇಕಾಗುತ್ತದೆ.

ಗಾಳಿಯಿಂದ ವಯರಿಗೆ

ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರಕ್ಕೆ 1972ರಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬ ಯುವಕ ಸೇರಿದ. ಅಲ್ಲಿ 'ಆಲ್ಟೊ' ಎಂಬ ಹೊಸ ಬಗೆಯ ಕಂಪ್ಯೂಟರ್ ತಯಾರಾಗುತ್ತಿತ್ತು. ಒಬ್ಬೊಬ್ಬರ ಮೇಜಿಗೂ ಒಂದೊಂದು ಕಂಪ್ಯೂಟರ್ ಎಂಬುದು ಆಗಿನ ಕಾಲಕ್ಕೆ ದೊಡ್ಡ ಯೋಚನೆ. ಅವೆಲ್ಲವನ್ನೂ ಒಂದಕ್ಕೊಂದು ಜೋಡಿಸಬೇಕಿತ್ತು, ಹೊಸ ಲೇಸರ್ ಪ್ರಿಂಟರಿಗೂ ಜೋಡಿಸಬೇಕಿತ್ತು.

ಮೆಟ್‌ಕಾಫ್ ಏಬ್ರಾಮ್ಸನ್ ಅವರ ಲೇಖನವನ್ನು ಓದಿದ್ದ. ಅದರಲ್ಲಿದ್ದ ವಿಚಾರವನ್ನು ತೆಗೆದುಕೊಂಡು ಎರಡು ತಿದ್ದುಪಡಿ ಮಾಡಿದ. ಒಂದು, ಮಾತಾಡುವ ಮೊದಲು ಕಿವಿಗೊಡಬೇಕು. ಬೇರೆ ಯಾರಾದರೂ ಮಾತಾಡುತ್ತಿದ್ದರೆ ಸುಮ್ಮನಿರಬೇಕು. ಎರಡು, ಮಾತಾಡುವಾಗಲೂ ಕಿವಿ ತೆರೆದಿರಬೇಕು. ಡಿಕ್ಕಿಯಾದರೆ ತಕ್ಷಣ ನಿಲ್ಲಿಸಿ, ಸ್ವಲ್ಪ ಕಾದು, ಮತ್ತೆ ಪ್ರಯತ್ನಿಸಬೇಕು. ಮತ್ತೂ ಡಿಕ್ಕಿಯಾದರೆ ಇನ್ನೂ ಹೆಚ್ಚು ಕಾಯಬೇಕು. ನಮ್ಮ ಯುವಜನರ ಮೀಟಿಂಗಿನಲ್ಲಿ ಹೇಳಿಕೊಡಬೇಕಾದ ನಿಯಮವನ್ನೇ ಮೆಟ್‌ಕಾಫ್ ಯಂತ್ರಗಳಿಗೆ ಕಲಿಸಿದ!

1973ರ ಮೇ 22ರಂದು ಬರೆದ ಒಂದು ಟಿಪ್ಪಣಿಯಲ್ಲಿ ಮೆಟ್‌ಕಾಫ್ ಇದಕ್ಕೆ 'ಈಥರ್ನೆಟ್' ಎಂದು ಹೆಸರಿಟ್ಟ. ಬೆಳಕು ಹರಿಯಲು 'ಈಥರ್' ಎಂಬ ಕಾಣದ ವಸ್ತು ಎಲ್ಲೆಡೆ ತುಂಬಿರಬೇಕು ಎಂದು ಹಿಂದಿನ ಭೌತವಿಜ್ಞಾನಿಗಳು ನಂಬಿದ್ದರು. 1887ರ ಮೈಕಲ್ಸನ್ ಮತ್ತು ಮೋರ್ಲಿ ಪ್ರಯೋಗ ಆ ನಂಬಿಕೆಯನ್ನು ಅಲುಗಾಡಿಸಿದ್ದನ್ನು ಬಿಎಸ್ಸಿಯಲ್ಲಿ ನಾವು ಓದಿದ್ದೇವೆ. ವಿಜ್ಞಾನ ಬಿಟ್ಟ ಆ ಹೆಸರನ್ನು ಮೆಟ್‌ಕಾಫ್ ಎತ್ತಿಕೊಂಡ. ಡೇವಿಡ್ ಬಾಗ್ಸ್ ಎಂಬ ಸಂಗಾತಿಯೊಡನೆ ಸೇರಿ ಅದೇ ವರ್ಷದ ನವೆಂಬರಿನಲ್ಲಿ ಅದನ್ನು ಕೆಲಸ ಮಾಡಿಸಿದ. ಮೊದಲ ವೇಗ ಸೆಕೆಂಡಿಗೆ 2.94 ಮೆಗಾಬಿಟ್.

ಆಟ ಬಂದದ್ದೂ ಬೇಗನೆ. ಅದೇ ಸುಮಾರಿಗೆ ನಾಸಾದ ಏಮ್ಸ್ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿಗಳು 'ಮೇಜ್ ವಾರ್' ಎಂಬ ಆಟ ಬರೆದು, ಎರಡು ಯಂತ್ರಗಳ ನಡುವೆ ಕೇಬಲ್ ಎಳೆದು ಒಬ್ಬರನ್ನೊಬ್ಬರು ಹುಡುಕಿ ಹೊಡೆಯುವ ಆಟ ಆಡಿದರು. ಮುಂದೆ ಅದೇ ಆಟ ಪಾರ್ಕ್‌ನ ಆಲ್ಟೊಗಳಿಗೂ ಬಂದು ಈಥರ್ನೆಟ್ ಮೇಲೆ ಓಡಿತು. ನೆಟ್‌ವರ್ಕ್ ಮೊದಲು ಗಂಭೀರ ಕೆಲಸಕ್ಕೆ ಹುಟ್ಟಿ, ಆಮೇಲೆ ಮಕ್ಕಳು ಅದನ್ನು ಹಾಳು ಮಾಡಿದರು ಎಂದು ಯಾರಾದರೂ ಹಿರಿಯರು ಹೇಳಿದರೆ ಇದನ್ನು ತೋರಿಸಿ. ಪ್ರಿಂಟರ್ ಮತ್ತು ಆಟ ಎರಡೂ ಒಂದೇ ತೊಟ್ಟಿಲಿನಲ್ಲಿ ಬೆಳೆದವು.

ಬಾಗಿಲು ತೆರೆದಿಟ್ಟ ನಿರ್ಧಾರ

ಜೆರಾಕ್ಸ್ ಈ ಆವಿಷ್ಕಾರಕ್ಕೆ ಪೇಟೆಂಟ್ ಪಡೆಯಿತು. ಅಲ್ಲಿಗೇ ಬಾಗಿಲು ಹಾಕಿದ್ದರೆ ಇಂದು ಜೆರಾಕ್ಸ್ ಯಂತ್ರಕ್ಕೆ ಜೆರಾಕ್ಸ್ ವಯರ್, ಬೇರೆ ಕಂಪೆನಿಗೆ ಬೇರೆ ವಯರ್ ಎಂಬ ಸ್ಥಿತಿ ಇರುತ್ತಿತ್ತು. ಹಾಗಾಗಲಿಲ್ಲ. 1979ರಲ್ಲಿ ಜೆರಾಕ್ಸ್ ಬಿಟ್ಟು ಥ್ರೀಕಾಮ್ ಕಂಪೆನಿ ಕಟ್ಟಿದ ಮೆಟ್‌ಕಾಫ್, ಡಿಜಿಟಲ್, ಇಂಟೆಲ್, ಜೆರಾಕ್ಸ್ ಈ ಮೂರು ಕಂಪೆನಿಗಳನ್ನು ಒಂದುಗೂಡಿಸಲು ಓಡಾಡಿದ. 1980ರ ಸೆಪ್ಟೆಂಬರ್ 30ರಂದು ಆ ಮೂವರೂ ಸೇರಿ ಈಥರ್ನೆಟ್‌ನ ಪೂರ್ತಿ ನಿಯಮಾವಳಿಯನ್ನು ಪ್ರಕಟಿಸಿದರು. ವೇಗ ಸೆಕೆಂಡಿಗೆ 10 ಮೆಗಾಬಿಟ್. ಯಾರು ಬೇಕಾದರೂ ಸಣ್ಣ ಶುಲ್ಕ ಕೊಟ್ಟು ಅದರಂತೆ ಯಂತ್ರ ಮಾಡಬಹುದಿತ್ತು. 1983ರಲ್ಲಿ ಐಇಇಇ ಸಂಸ್ಥೆ ಅದನ್ನು 802.3 ಎಂಬ ಸಂಖ್ಯೆಯ ಮಾನದಂಡವಾಗಿ ಒಪ್ಪಿತು.

ಎದುರಾಳಿ ಸಣ್ಣವನಲ್ಲ. ಆಗಿನ ದೈತ್ಯ ಐಬಿಎಂ 1985ರಲ್ಲಿ 'ಟೋಕನ್ ರಿಂಗ್' ತಂದಿತು. ಅದರಲ್ಲಿ ಡಿಕ್ಕಿಯೇ ಇಲ್ಲ. ಒಂದು ಟೋಕನ್ ಸುತ್ತುತ್ತಿರುತ್ತದೆ, ಅದು ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು. ಕಾಗದದ ಮೇಲೆ ಅದು ಈಥರ್ನೆಟ್‌ಗಿಂತ ಶಿಸ್ತಾಗಿತ್ತು. ಆದರೆ ದುಬಾರಿ. ಈಥರ್ನೆಟ್ ಕಾರ್ಡುಗಳನ್ನು ಹತ್ತಾರು ಕಂಪೆನಿಗಳು ಪೈಪೋಟಿಯಲ್ಲಿ ಮಾಡಿದ್ದರಿಂದ ಬೆಲೆ ಇಳಿಯುತ್ತಲೇ ಹೋಯಿತು. ಕೊನೆಗೆ ಗೆದ್ದದ್ದು ಎಲ್ಲರಿಗೂ ತೆರೆದಿದ್ದ ವ್ಯವಸ್ಥೆ. ಇವತ್ತು ಒಂದು ಕಂಪೆನಿಯ ಟಿವಿ, ಇನ್ನೊಂದು ಕಂಪೆನಿಯ ಗೇಮ್ ಡಬ್ಬ, ಮತ್ತೊಂದು ಕಂಪೆನಿಯ ರೌಟರ್ ಮೂರಕ್ಕೂ ಒಂದೇ ಕೇಬಲ್ ಹೊಂದುತ್ತದೆ ಎಂದರೆ ಅದು ಆ ನಿರ್ಧಾರದ ಫಲ. ಫೋನ್ ಚಾರ್ಜರಿನ ವಿಷಯದಲ್ಲಿ ನಾವು ಪಟ್ಟ ಪಾಡು ಇದರಲ್ಲಿ ಪಡಬೇಕಾಗಿ ಬರಲಿಲ್ಲ.

ಹಳದಿ ಕೇಬಲಿನಿಂದ ತಿರುಚಿದ ತಂತಿಗೆ

ಮೊದಲ ಈಥರ್ನೆಟ್ ಕೇಬಲನ್ನು ಮನೆಯೊಳಗೆ ತರುವ ಮಾತೇ ಇರಲಿಲ್ಲ. ಅದು ಬೆರಳು ದಪ್ಪದ, ಬಗ್ಗಿಸಲು ಒಪ್ಪದ ಏಕಾಕ್ಷ ಕೇಬಲ್, ಅಂದರೆ ಹಳೆಯ ಕೇಬಲ್ ಟಿವಿಯ ವಯರಿನ ಜಾತಿಯದ್ದು. ಆಮೇಲೆ ತೆಳುವಾದದ್ದು ಬಂತು. ಅದನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸರಪಳಿಯಂತೆ ಎಳೆಯುತ್ತಿದ್ದರು. ಎರಡೂ ತುದಿಗೆ ಒಂದೊಂದು ಮುಚ್ಚಳ ಹಾಕಲೇಬೇಕು. ನಡುವೆ ಒಬ್ಬನ ಕಾಲು ತಾಗಿ ಒಂದು ಕೊಂಡಿ ಕಳಚಿದರೆ ಇಡೀ ಕೋಣೆಯ ನೆಟ್‌ವರ್ಕ್ ಬಂದ್. ಯಾವ ಕೊಂಡಿ ಎಂದು ಹುಡುಕಲು ಮೇಜಿನ ಕೆಳಗೆ ತೆವಳಬೇಕು.

ಇದಕ್ಕೆ ಮದ್ದು ಸಿಕ್ಕಿದ್ದು ಹಳೆಯ ಟೆಲಿಫೋನ್ ತಂತಿಯಲ್ಲಿ. ಎರಡು ತಂತಿಗಳನ್ನು ಒಂದಕ್ಕೊಂದು ತಿರುಚಿದರೆ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ರದ್ದಾಗುತ್ತದೆ. ಈ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದರು. ಅಮೆರಿಕದ ಆಫೀಸುಗಳಲ್ಲಿ ಅಂಥ ತಂತಿ ಗೋಡೆಯೊಳಗೆ ಆಗಲೇ ಇತ್ತು. 1990ರಲ್ಲಿ ಬಂದ '10ಬೇಸ್-ಟಿ' ಮಾನದಂಡ ತಿರುಚಿದ ತಂತಿಯ ಮೇಲೆ ಈಥರ್ನೆಟ್ ಓಡಿಸಿತು. ಸರಪಳಿ ಹೋಗಿ ನಕ್ಷತ್ರದ ಆಕಾರ ಬಂತು. ನಡುವೆ ಒಂದು ಡಬ್ಬ, ಅಲ್ಲಿಂದ ಒಬ್ಬೊಬ್ಬರಿಗೂ ಒಂದೊಂದು ವಯರ್. ಒಬ್ಬರದ್ದು ಕಳಚಿದರೆ ಅವರದ್ದು ಮಾತ್ರ ಹೋಗುತ್ತದೆ. ಟಿವಿಯ ಹಿಂದಿನ ಆ ಚೌಕದ ತೂತು, ಒಂದು ವಯರ್ ನೂರು ಮೀಟರ್ ಮೀರಬಾರದು ಎಂಬ ನಿಯಮ, ಎರಡೂ ಆಗಿನಿಂದ ಹಾಗೇ ಉಳಿದಿವೆ.

ಅದೇ 1990ರಲ್ಲಿ ಇನ್ನೊಂದು ದೊಡ್ಡ ಹೆಜ್ಜೆ. ನಡುವಿನ ಡಬ್ಬ ಆಗ 'ಹಬ್' ಆಗಿತ್ತು. ಒಬ್ಬರು ಹೇಳಿದ್ದನ್ನು ಅದು ಎಲ್ಲರಿಗೂ ಕೂಗಿ ಹೇಳುತ್ತಿತ್ತು, ಹಾಗಾಗಿ ಡಿಕ್ಕಿ, ಕಾಯುವುದು ತಪ್ಪಿರಲಿಲ್ಲ. 'ಕಲ್ಪನಾ' ಎಂಬ ಸಣ್ಣ ಕಂಪೆನಿ ಮೊದಲ ಈಥರ್ನೆಟ್ ಸ್ವಿಚ್ ತಂದಿತು. ಹೆಸರು ನೋಡಿ ಅನುಮಾನ ಬಂತಲ್ಲವೇ? ಹೌದು, ಅದನ್ನು ಕಟ್ಟಿದವರಲ್ಲಿ ಒಬ್ಬರು ಭಾರತ ಮೂಲದ ವಿನೋದ್ ಭಾರದ್ವಾಜ್, ಹೆಸರು ಅವರ ಪತ್ನಿಯದ್ದು. ಸ್ವಿಚ್ ಕೂಗುವುದಿಲ್ಲ. ಯಾರ ಕಾಗದ ಯಾರ ಮನೆಗೆ ಎಂದು ತಿಳಿದ ಪೋಸ್ಟ್‌ಮ್ಯಾನ್ ಹಾಗೆ ನೇರವಾಗಿ ಅಲ್ಲಿಗೇ ಮುಟ್ಟಿಸುತ್ತದೆ. 1994ರಲ್ಲಿ ಸಿಸ್ಕೊ ಆ ಕಂಪೆನಿಯನ್ನು ಕೊಂಡುಕೊಂಡಿತು. ಹೋಗುವ ದಾರಿ, ಬರುವ ದಾರಿ ಬೇರೆಯಾದ ಮೇಲೆ ಡಿಕ್ಕಿಯ ಪ್ರಶ್ನೆಯೇ ಉಳಿಯಲಿಲ್ಲ. ಹವಾಯಿಯಿಂದ ತಂದ 'ಕಾದು ಮತ್ತೆ ಕಳಿಸು' ಎಂಬ ನಿಯಮ ವಯರಿನಲ್ಲಿ ಹೀಗೆ ಕೆಲಸವಿಲ್ಲದೆ ಕೂತಿತು.

ಆಟವೇ ವಯರನ್ನು ಮನೆಗೆ ತಂದದ್ದು

1993ರ ಡಿಸೆಂಬರ್ 10ರಂದು 'ಡೂಮ್' ಆಟ ಹೊರಬಂತು. ನಾಲ್ಕು ಕಂಪ್ಯೂಟರ್ ಜೋಡಿಸಿದರೆ ನಾಲ್ಕು ಜನ ಒಟ್ಟಿಗೆ ಆಡಬಹುದು. ಮನೆಯಲ್ಲಿ ಯಾರ ಬಳಿಯೂ ನೆಟ್‌ವರ್ಕ್ ಇರಲಿಲ್ಲ, ಆದ್ದರಿಂದ ಆಡಿದ್ದು ಆಫೀಸಿನಲ್ಲಿ, ಕಾಲೇಜಿನ ಲ್ಯಾಬಿನಲ್ಲಿ. ಮೊದಲ ಆವೃತ್ತಿ ತನ್ನ ಸಂದೇಶಗಳನ್ನು ನೆಟ್‌ವರ್ಕಿನಲ್ಲಿದ್ದ ಎಲ್ಲ ಯಂತ್ರಗಳಿಗೂ ಕೂಗಿ ಹೇಳುತ್ತಿತ್ತು. ನಾಲ್ವರು ಆಡಿದರೆ ಆಡದವರ ಕೆಲಸವೂ ನಿಧಾನ. ಹಲವು ಕಡೆ ಡೂಮ್ ಆಡಬಾರದು ಎಂದು ನಿಷೇಧ ಬಂತು. ಕೆಲವೇ ತಿಂಗಳಲ್ಲಿ ಹೊಸ ಆವೃತ್ತಿ ಅದನ್ನು ಸರಿ ಮಾಡಿತು. ತಮ್ಮನ ಡೌನ್‌ಲೋಡ್‌ನಿಂದ ಅಕ್ಕನ ಇಂಟರ್‌ವ್ಯೂ ಹಾಳಾಗುವ ಜಗಳ ಎಷ್ಟು ಹಳೆಯದು ನೋಡಿ.

ನಿಷೇಧ ಆದ ಮೇಲೆ ಆಟಗಾರರು ಏನು ಮಾಡಿದರು? ಕಂಪ್ಯೂಟರನ್ನೇ ಹೊತ್ತುಕೊಂಡು ಗೆಳೆಯನ ಮನೆಗೆ ಹೋದರು. ಆ ಕಾಲದ ಮಾನಿಟರ್ ಎಂದರೆ ಅಕ್ಕಿ ಮೂಟೆ ಎತ್ತಿದ ಹಾಗೆ. ಹಾಲ್‌ನ ನಡುವೆ ಒಂದು ಹಬ್, ನೆಲದ ತುಂಬ ವಯರ್, ರಾತ್ರಿಯಿಡೀ ಆಟ. ಇದೇ 'ಲ್ಯಾನ್ ಪಾರ್ಟಿ'. 1996ರಲ್ಲಿ 'ಕ್ವೇಕ್' ಬಂತು, ಅದೇ ವರ್ಷ ಅಮೆರಿಕದ ಟೆಕ್ಸಾಸಿನಲ್ಲಿ 'ಕ್ವೇಕ್‌ಕಾನ್' ಎಂಬ ಕೂಟ ಶುರುವಾಯಿತು. ಸ್ವೀಡನ್ನಿನ ಮಾಲುಂಗ್ ಎಂಬ ಊರಿನ ಒಂದು ಶಾಲೆಯ ನೆಲಮಾಳಿಗೆಯಲ್ಲಿ ಗೆಳೆಯರು ಸೇರಿ ಮಾಡಿದ ಕೂಟವೇ ಬೆಳೆದು 'ಡ್ರೀಮ್‌ಹ್ಯಾಕ್' ಆಯಿತು. ಸಾವಿರಾರು ಯುವಕರು ತಮ್ಮ ತಮ್ಮ ಕಂಪ್ಯೂಟರ್ ಹೊತ್ತು ಬಂದು ಸೇರುವ ಜಾತ್ರೆ ಅದು.

ಇನ್ನು ಗೇಮ್ ಡಬ್ಬಗಳು. 2001ರ ನವೆಂಬರ್ 15ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಎಕ್ಸ್‌ಬಾಕ್ಸ್‌ನಲ್ಲಿ ಈಥರ್ನೆಟ್ ತೂತು ಮೊದಲೇ ಇತ್ತು. ನಾಲ್ಕು ಎಕ್ಸ್‌ಬಾಕ್ಸ್‌ಗಳನ್ನು ಜೋಡಿಸಿದರೆ 'ಹೇಲೋ' ಆಟವನ್ನು 16 ಜನ ಒಟ್ಟಿಗೆ ಆಡಬಹುದಿತ್ತು. ಇಂಟರ್ನೆಟ್ ಬೇಕಾಗಿಯೇ ಇರಲಿಲ್ಲ. ಪ್ಲೇಸ್ಟೇಷನ್ 2ಕ್ಕೆ ಅಮೆರಿಕದಲ್ಲಿ 2002ರಲ್ಲಿ ಪ್ರತ್ಯೇಕ ನೆಟ್‌ವರ್ಕ್ ಅಡಾಪ್ಟರ್ ಬಂತು. ಪ್ಲೇಸ್ಟೇಷನ್ 3ರಲ್ಲಿ ಗಿಗಾಬಿಟ್ ತೂತು ಒಳಗೇ ಬಂತು. ನಿಂಟೆಂಡೊ ಮಾತ್ರ ತಡ ಮಾಡಿತು; 2017ರ ಸ್ವಿಚ್ ಡಬ್ಬದ ಡಾಕ್‌ನಲ್ಲಿ ಈ ತೂತು ಇರಲಿಲ್ಲ, 2021ರ ಓಲೆಡ್ ಮಾದರಿಯ ಡಾಕ್‌ನಲ್ಲಿ ಬಂತು.

ಎಕ್ಸ್‌ಬಾಕ್ಸ್‌ನ ಆ ತೂತಿನಿಂದ ಇನ್ನೊಂದು ಕೆಲಸವೂ ಆಯಿತು. ಕೆಲವು ಹುಡುಗರು ಅದನ್ನು ಮನೆಯ ಸಿನಿಮಾ ಯಂತ್ರವಾಗಿ ಬದಲಿಸಿದರು. ಒಳಕೋಣೆಯ ಕಂಪ್ಯೂಟರಿನಲ್ಲಿದ್ದ ಸಿನಿಮಾ, ಹಾಡು ವಯರಿನ ಮೂಲಕ ಹಾಲ್‌ನ ಟಿವಿಗೆ ಬಂತು. 'ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್' ಎಂಬ ಆ ಸಾಫ್ಟ್‌ವೇರ್ ಇವತ್ತು 'ಕೋಡಿ' ಎಂಬ ಹೆಸರಿನಲ್ಲಿ ಇದೆ. ಮನೆಯ ಮನರಂಜನೆಗೆ ಮನೆಯೊಳಗಿನ ನೆಟ್‌ವರ್ಕ್ ಎಂಬ ಯೋಚನೆ ಆಗಲೇ ಗಟ್ಟಿಯಾದದ್ದು.

ನಮ್ಮ ಕಡೆಗೆ ಬಂದದ್ದು

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನುತ್ತಿದ್ದರು. ಮನೆಯಲ್ಲಿ ಲ್ಯಾನ್ ಇಲ್ಲದ ನಮ್ಮ ಅಣ್ಣಂದಿರ ಕಾಲಕ್ಕೆ ಲ್ಯಾನ್ ಎಂದರೆ ಪೇಟೆಯ ಸೈಬರ್ ಕೆಫೆ. ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು, ಪಕ್ಕಪಕ್ಕ ಕೂತು 'ಕೌಂಟರ್ ಸ್ಟ್ರೈಕ್', 'ಏಜ್ ಆಫ್ ಎಂಪೈರ್ಸ್' ಆಡುತ್ತಿದ್ದರು. ಸೋತವನ ಮುಖ ಪಕ್ಕದಲ್ಲೇ ಕಾಣುತ್ತಿತ್ತು.

ಈಗ ಕಾಸರಗೋಡಿನ ಹಳ್ಳಿಗಳಿಗೂ ಫೈಬರ್ ಬಂದಿದೆ. ಹಿಂದೆ ಟಿವಿ ಕೇಬಲ್ ಎಳೆದವರೇ ಈಗ ಇಂಟರ್ನೆಟ್ ಎಳೆಯುತ್ತಾರೆ. ಕೇರಳ ಸರಕಾರದ ಕೆ-ಫೋನ್ ಯೋಜನೆ 2023ರ ಜೂನ್ 5ರಂದು ಉದ್ಘಾಟನೆಯಾಯಿತು, ಅದರ ಫೈಬರ್ ಕೆಎಸ್‌ಇಬಿ ಕಂಬಗಳ ಮೇಲೆ ಹೋಗುತ್ತದೆ. ಆದರೆ ನಮ್ಮ ಮನೆಗಳ ಗೋಡೆ ಕೆಂಪುಕಲ್ಲಿನದ್ದು, ಮೇಲೆ ಕಾಂಕ್ರೀಟ್ ಮಹಡಿ. ರೌಟರ್ ಇರುವುದು ಹೊರಗಿನ ಜಗಲಿಯ ಹತ್ತಿರ, ಟಿವಿ ಇರುವುದು ಎರಡು ಗೋಡೆ ದಾಟಿ. ವೈಫೈ ಅಷ್ಟು ದಪ್ಪದ ಕಲ್ಲನ್ನು ದಾಟುವಷ್ಟರಲ್ಲಿ ಸುಸ್ತಾಗಿರುತ್ತದೆ.

ಇಲ್ಲಿ ಹವಾಯಿಯನ್ನು ಮತ್ತೆ ನೆನಪಿಸಿಕೊಳ್ಳಿ. ವಯರ್ ಆ ಹಳೆಯ ನಿಯಮವನ್ನು ಬಿಟ್ಟಿತು, ಆದರೆ 1997ರಲ್ಲಿ ಮಾನದಂಡವಾಗಿ ಬಂದ ವೈಫೈ ಬಿಡಲಿಲ್ಲ. ಗಾಳಿ ಎಲ್ಲರಿಗೂ ಒಂದೇ. ಒಂದು ಚಾನೆಲಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಅಕ್ಕಪಕ್ಕದ ಮನೆಯ ವೈಫೈ ಅದೇ ಚಾನೆಲಿನಲ್ಲಿದ್ದರೆ ಅವರಿಗೂ ಕಾಯಬೇಕು. ಏಬ್ರಾಮ್ಸನ್ ಕಾಲಕ್ಕಿಂತ ವೈಫೈ ಎಷ್ಟೋ ಜಾಣವಾಗಿದೆ, ಹೊಸ ತಲೆಮಾರುಗಳು ಒಂದೇ ಹೊತ್ತಿಗೆ ಹಲವರಿಗೆ ಹಂಚುವುದನ್ನೂ ಕಲಿತಿವೆ. ಆದರೂ ಮೂಲದಲ್ಲಿ ಅದು ಸರದಿ ಕಾಯುವ ವ್ಯವಸ್ಥೆ.

ಆಟಕ್ಕೆ ಇದು ಯಾಕೆ ಮುಖ್ಯ? ಸಿನಿಮಾಕ್ಕೆ ಮುಂಗಡವಾಗಿ ಸ್ವಲ್ಪ ತುಂಬಿಟ್ಟುಕೊಳ್ಳುವ ಅವಕಾಶ ಇದೆ. ಆಟಕ್ಕೆ ಇಲ್ಲ, ಗುಂಡಿ ಒತ್ತಿದ್ದು ಆ ಕ್ಷಣವೇ ಹೋಗಬೇಕು. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದು ಚಿತ್ರಕ್ಕೆ ಸಿಗುವುದು ಸುಮಾರು 17 ಮಿಲಿಸೆಕೆಂಡ್. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನಮ್ಮಿಂದ ಮುಂಬೈ ನೇರ ಲೆಕ್ಕದಲ್ಲಿ ಸುಮಾರು 750 ಕಿಲೋಮೀಟರ್ ಎಂದಿಟ್ಟರೂ ಹೋಗಿ ಬರಲು ಕನಿಷ್ಠ ಏಳೆಂಟು ಮಿಲಿಸೆಕೆಂಡ್ ಬೇಕೇ ಬೇಕು. ಅದು ನಮ್ಮ ಕೈಯಲ್ಲಿಲ್ಲ. ಮನೆಯೊಳಗೆ ವೈಫೈ ಒಮ್ಮೆ 3, ಇನ್ನೊಮ್ಮೆ 60 ಮಿಲಿಸೆಕೆಂಡ್ ಎಂದು ಏರಿಳಿಯುವುದು ಮಾತ್ರ ನಮ್ಮ ಕೈಯಲ್ಲಿದೆ. ವಯರಿನಲ್ಲಿ ಆ ಭಾಗ ಒಂದು ಮಿಲಿಸೆಕೆಂಡಿನ ಒಳಗೆ ಮುಗಿಯುತ್ತದೆ, ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ.

ಮನೆಯಲ್ಲಿ ಎಳೆಯುವುದಾದರೆ

ಈ ಇತಿಹಾಸ ಗೊತ್ತಿದ್ದರೆ ಕೆಲಸದ ಪಟ್ಟಿ ತನ್ನಷ್ಟಕ್ಕೇ ಬರುತ್ತದೆ.

ಮೊದಲು, ಅಲುಗಾಡದ್ದಕ್ಕೆಲ್ಲ ವಯರ್, ಅಲುಗಾಡುವುದಕ್ಕೆ ವೈಫೈ. ಟಿವಿ, ಗೇಮ್ ಡಬ್ಬ, ಡೆಸ್ಕ್‌ಟಾಪ್ ಒಂದೇ ಕಡೆ ಕೂತಿರುವವು. ಅವನ್ನು ವಯರಿಗೆ ಹಾಕಿದರೆ ಗಾಳಿ ಖಾಲಿಯಾಗಿ ಮೊಬೈಲ್‌ಗಳಿಗೂ ಲಾಭ. ಅಕ್ಕನ ಇಂಟರ್‌ವ್ಯೂಗೆ ಇದೇ ದೊಡ್ಡ ಉಪಕಾರ.

ಎರಡು, ನಕ್ಷತ್ರದ ಆಕಾರ. ರೌಟರಿನಿಂದ ಟಿವಿಯ ಹಿಂದಕ್ಕೆ ಒಂದು ಕೇಬಲ್, ಅಲ್ಲಿ ಐದು ತೂತಿನ ಒಂದು ಗಿಗಾಬಿಟ್ ಸ್ವಿಚ್. ಅದರಿಂದ ಟಿವಿಗೆ, ಗೇಮ್ ಡಬ್ಬಕ್ಕೆ, ಸೆಟ್‌ಟಾಪ್ ಬಾಕ್ಸಿಗೆ ಗಿಡ್ಡ ಕೇಬಲ್‌ಗಳು. ಸ್ವಿಚ್‌ಗೆ ಯಾವ ಸೆಟ್ಟಿಂಗೂ ಬೇಡ, ಕರೆಂಟ್ ಕೊಟ್ಟರೆ ಸಾಕು. ಅನೇಕ ಟಿವಿಗಳ ತೂತು 100 ಮೆಗಾಬಿಟ್ ಮಾತ್ರ. ಗಾಬರಿ ಬೇಡ, 4ಕೆ ಸಿನಿಮಾಕ್ಕೆ ಆನ್‌ಲೈನಿನಲ್ಲಿ ಸಾಮಾನ್ಯವಾಗಿ ಬೇಕಾಗುವುದು 15ರಿಂದ 25 ಮೆಗಾಬಿಟ್. ಗೇಮ್ ಡಬ್ಬಕ್ಕೆ, ಕಂಪ್ಯೂಟರಿಗೆ ಗಿಗಾಬಿಟ್ ಬೇಕು. 50 ಜಿಬಿಯ ಆಟ 100 ಮೆಗಾಬಿಟ್‌ನಲ್ಲಿ ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ, ಗಿಗಾಬಿಟ್‌ನಲ್ಲಿ ಏಳು ನಿಮಿಷ. ನಿಮ್ಮ ಇಂಟರ್ನೆಟ್ ಅಷ್ಟು ವೇಗದ್ದಲ್ಲದಿದ್ದರೂ ಸ್ಟೀಮ್‌ನಲ್ಲಿ 2023ರಿಂದ ಮನೆಯ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಆಟವನ್ನು ನೇರವಾಗಿ ಕಳಿಸಬಹುದು. ಅಣ್ಣ ಇಳಿಸಿದ್ದನ್ನು ತಮ್ಮ ಮತ್ತೆ ಇಳಿಸಬೇಕಿಲ್ಲ.

ಮೂರು, ಕೇಬಲ್. ಕ್ಯಾಟ್ 6 ಕೇಳಿ, ಆದರೆ ಒಳಗಿನ ತಂತಿ ಪೂರ್ತಿ ತಾಮ್ರದ್ದೇ ಎಂದು ಖಚಿತ ಮಾಡಿಕೊಳ್ಳಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಅಂಗಡಿಗಳಲ್ಲಿ ಸಿಗುತ್ತದೆ. ಅದು ಬೇಗ ಮುರಿಯುತ್ತದೆ, ದೂರಕ್ಕೆ ಒಳ್ಳೆಯದಲ್ಲ. ತುದಿಗೆ ಪ್ಲಗ್ ಹಾಕುವಾಗ ಎಂಟು ತಂತಿಯ ಬಣ್ಣದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ತಂತಿಗಳ ತಿರುಚನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಚ್ಚಬೇಡಿ, ಬೆಲ್ ಅವರ ಉಪಾಯ ಇರುವುದೇ ಆ ತಿರುಚಿನಲ್ಲಿ. ಒಂದು ತಂತಿ ಸರಿ ಕೂರದಿದ್ದರೆ ಗಿಗಾಬಿಟ್ ಬದಲು 100ಕ್ಕೆ ಇಳಿಯಬಹುದು. ಹೊಸ ಮನೆ ಕಟ್ಟುವವರು ಟಿವಿಯ ಜಾಗಕ್ಕೆ ಒಂದರ ಬದಲು ಎರಡು ಕೇಬಲ್ ಎಳೆದಿಡಿ. ಗೋಡೆ ಸಾರಣೆ ಆದ ಮೇಲೆ ಯೋಚಿಸಿದರೆ ಖರ್ಚು ಜಾಸ್ತಿ.

ನಾಲ್ಕು, ಕರೆಂಟ್ ವಯರ್ ಮತ್ತು ನೆಟ್‌ವರ್ಕ್ ವಯರ್ ಒಂದೇ ಪೈಪಿನಲ್ಲಿ ಬೇಡ. ಗದ್ದಲ ಮಾತ್ರವಲ್ಲ, ಜೀವದ ಪ್ರಶ್ನೆಯೂ ಹೌದು.

ಐದು, ಸಿಡಿಲು. ಮಳೆಗಾಲ ಶುರುವಾಗುವಾಗ, ಮತ್ತೆ ತುಲಾ ತಿಂಗಳ ಗುಡುಗಿನ ಸಂಜೆಗಳಲ್ಲಿ ನಮ್ಮ ಕಡೆ ಸುಟ್ಟುಹೋಗುವ ರೌಟರ್, ಟಿವಿಗಳಿಗೆ ಲೆಕ್ಕವಿಲ್ಲ. ತಾಮ್ರದ ಕೇಬಲನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ, ತೋಟದ ಮೇಲಿಂದ, ಹೊರಗೆ ಎಳೆಯಬೇಡಿ. ಎರಡು ಮನೆ ಜೋಡಿಸಲೇಬೇಕಿದ್ದರೆ ಫೈಬರ್ ಹಾಕಿಸಿ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಮೋಡ ಕಟ್ಟುವ ಮೊದಲೇ ಪ್ಲಗ್ ತೆಗೆದಿಡಿ, ಗುಡುಗು ಶುರುವಾದ ಮೇಲೆ ವಯರಿಗೆ ಕೈ ಹಾಕಬೇಡಿ.

ಆರು, ಹಳೆಯ ರೌಟರನ್ನು ಸ್ವಿಚ್ ಬದಲು ಬಳಸುವುದಾದರೆ ಅದನ್ನು 'ಆಕ್ಸೆಸ್ ಪಾಯಿಂಟ್' ಮೋಡಿಗೆ ಹಾಕಿ. ಇಲ್ಲದಿದ್ದರೆ ಮನೆಯಲ್ಲಿ ಇಬ್ಬರು ಯಜಮಾನರಾಗಿ, ಎರಡು ಬಾಗಿಲು ದಾಟಬೇಕಾಗಿ ಬಂದು, ಆಟದಲ್ಲಿ ಗೆಳೆಯರೊಂದಿಗೆ ಮಾತು ಸೇರುವುದೇ ಕಷ್ಟವಾಗುತ್ತದೆ.

ಕೊನೆಗೆ ಒಂದು ಯೋಚನೆ

ಈ ಕಥೆಯಲ್ಲಿ ನಾವು ಗಳಿಸಿದ್ದರ ಜೊತೆಗೆ ಕಳೆದುಕೊಂಡದ್ದೂ ಇದೆ. 2010ರಲ್ಲಿ 'ಸ್ಟಾರ್‌ಕ್ರಾಫ್ಟ್ 2' ಬಂದಾಗ ಅದರಲ್ಲಿ ಲ್ಯಾನ್ ಆಟದ ಸೌಲಭ್ಯವೇ ಇರಲಿಲ್ಲ. ಒಂದೇ ಕೋಣೆಯಲ್ಲಿ ಕೂತ ಇಬ್ಬರೂ ಕಂಪೆನಿಯ ಸರ್ವರ್ ಮೂಲಕವೇ ಆಡಬೇಕು. ಆಟಗಾರರು ಮೊದಲೇ ವಿರೋಧಿಸಿದ್ದರು, ಪ್ರಯೋಜನವಾಗಲಿಲ್ಲ. ಇವತ್ತು ಹೆಚ್ಚಿನ ದೊಡ್ಡ ಆಟಗಳು ಹಾಗೆಯೇ. ಸರ್ವರ್ ಇದ್ದರೆ ಆಟ, ಇಲ್ಲದಿದ್ದರೆ ಇಲ್ಲ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾದಾಗ ನಮ್ಮ ಎಷ್ಟು ಹುಡುಗರ ತಂಡಗಳು ಚದುರಿದವು ಎಂಬುದು ಓದುಗರಿಗೆ ನೆನಪಿರಬಹುದು. ನಿಷೇಧ ಸರಿಯೋ ತಪ್ಪೋ ಎಂಬುದು ಇಲ್ಲಿನ ವಿಷಯವಲ್ಲ. ನಮ್ಮ ಗೆಳೆತನ ಕೂಡುವ ಜಾಗ ದೂರದ ಯಾರದೋ ಕೈಯಲ್ಲಿತ್ತು ಎಂಬುದು ವಿಷಯ.

ಮನೆಯೊಳಗಿನ ವಯರ್ ಹಾಗಲ್ಲ. ಹೊರಗೆ ಫೈಬರ್ ಕಡಿದರೂ ಸ್ವಿಚ್‌ಗೆ ಕರೆಂಟ್ ಇದ್ದರೆ ಒಳಗಿನ ಸಿನಿಮಾ ಓಡುತ್ತದೆ, ಲ್ಯಾನ್ ಇರುವ ಆಟ ನಡೆಯುತ್ತದೆ. 'ಮೈನ್‌ಕ್ರಾಫ್ಟ್'ನಂಥ ಆಟಗಳಲ್ಲಿ ಇವತ್ತೂ ಲ್ಯಾನ್ ಇದೆ. ನಮ್ಮಲ್ಲಿ ಹಲವರು ರಾತ್ರಿ ತಮ್ಮ ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಹಾಕಿಕೊಂಡು, ಹೆಸರೂ ಗೊತ್ತಿಲ್ಲದವರ ಜೊತೆ ಆಡುತ್ತೇವೆ. ಪಕ್ಕದ ಮನೆಯ ಹುಡುಗ ಅದೇ ಆಟ ಆಡುತ್ತಾನೆ ಎಂಬುದೇ ನಮಗೆ ಗೊತ್ತಿರುವುದಿಲ್ಲ. ಅಣ್ಣಂದಿರ ಕಾಲದಲ್ಲಿ ವೇಗ ಕಡಿಮೆ ಇತ್ತು, ಆದರೆ ಆಟ ಮುಗಿದ ಮೇಲೆ ಒಟ್ಟಿಗೆ ಚಾ ಕುಡಿಯಲು ಹೋಗುತ್ತಿದ್ದರು.

ಈ ಕ್ರಿಸ್ಮಸ್ ರಜೆಯಲ್ಲಿ ಒಂದು ಕೆಲಸ ಮಾಡೋಣ. ಐದು ತೂತಿನ ಒಂದು ಸ್ವಿಚ್, ನಾಲ್ಕು ಕೇಬಲ್, ನಾಲ್ಕು ಲ್ಯಾಪ್‌ಟಾಪ್, ಒಂದು ಹಾಲ್. ಲ್ಯಾಪ್‌ಟಾಪಿನಲ್ಲಿ ತೂತು ಇಲ್ಲದಿದ್ದರೆ ಯುಎಸ್‌ಬಿಗೆ ಹಾಕುವ ಅಡಾಪ್ಟರ್ ಸಿಗುತ್ತದೆ. ಕೇಬಲ್ ಮಾಡಲು ಬಾರದವರಿಗೆ ಬರುವವರು ಕಲಿಸಲಿ, ಅದೂ ಒಂದು ಕೈಕೆಲಸ, ನಾಳೆ ಯಾರಿಗಾದರೂ ಉದ್ಯೋಗವೂ ಆಗಬಹುದು. ಆಡುವಾಗ ಮೆಟ್‌ಕಾಫ್ ಯಂತ್ರಗಳಿಗೆ ಕಲಿಸಿದ ನಿಯಮ ನಮಗೂ ಇರಲಿ: ಮೊದಲು ಕಿವಿಗೊಡು, ಡಿಕ್ಕಿಯಾದರೆ ಸ್ವಲ್ಪ ಕಾದು ಮತ್ತೆ ಮಾತಾಡು. ನಿಮ್ಮ ಮನೆಯ ಗೋಡೆ, ದೂರ, ಯಂತ್ರಗಳ ಬಗ್ಗೆ ಏನಾದರೂ ಸಂಶಯ ಇದ್ದರೆ ಭಾನುವಾರ ಸಿಕ್ಕಾಗ ಕೇಳಿ. ಅಳತೆ ಬರೆದುಕೊಂಡು ಬಂದರೆ ಎಷ್ಟು ಮೀಟರ್ ಕೇಬಲ್ ಬೇಕೆಂದು ಅಲ್ಲೇ ಲೆಕ್ಕ ಹಾಕೋಣ.